ಎಡಗಡೆಯ ಕಾವಲು

ಸಂಕೇತ್‌ನನ್ನು ಮೊದಲ ಸಲ ನೋಡಿದ ದಿನ ಅವನು ನನ್ನೆದುರು ಕೂತು ಹದಿನೇಳು ತಪ್ಪು ಉತ್ತರ ಕೊಟ್ಟ. ಅದಕ್ಕೆ ನನ್ನ ಕಣ್ಣುಗಳೇ ಕಾರಣ ಅಂತ ನಾನು ನಂಬಿದೆ. ನನಗಾಗ ಇಪ್ಪತ್ತು ವರ್ಷ. ಆ ವಯಸ್ಸಿನಲ್ಲಿ ಅಷ್ಟು ಜಂಬ ಸಹಜ ಅಂತ ಈಗ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಸಮಾಧಾನವೇನೂ ಆಗುವುದಿಲ್ಲ.

2021ರ ಆಗಸ್ಟ್. ಲಾಸ್ ಏಂಜಲೀಸ್‌ನ ನಮ್ಮ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ನಾನು ಸ್ಟೂಡೆಂಟ್ ಟ್ರೇನರ್ ಆಗಿ ಸೇರಿ ಎರಡು ವಾರ ಆಗಿತ್ತು. ಕಣಕಾಲಿಗೆ ಟೇಪ್ ಸುತ್ತುವುದು, ಐಸ್ ತುಂಬುವುದು, ನೀರಿನ ಬಾಟಲಿ ತೊಳೆಯುವುದು ನನ್ನ ಕೆಲಸ. ಜೊತೆಗೆ ಇನ್ನೊಂದಿತ್ತು. ಸೀಸನ್‌ಗೆ ಮುಂಚೆ ಹೊಸದಾಗಿ ಸೇರಿದ ಪ್ರತಿ ಆಟಗಾರನನ್ನೂ ಕಂಪ್ಯೂಟರ್ ಮುಂದೆ ಕೂರಿಸಿ ನೆನಪಿನ ಪರೀಕ್ಷೆ ಮಾಡಿಸಬೇಕು. ಬೇಸ್‌ಲೈನ್ ಟೆಸ್ಟ್ ಅನ್ನುತ್ತಾರೆ. ತಲೆ ಚೆನ್ನಾಗಿರುವಾಗ ಎಷ್ಟು ಅಂಕ ಬಂತು ಅಂತ ಬರೆದಿಟ್ಟುಕೊಂಡು, ಮುಂದೆ ತಲೆಗೆ ಪೆಟ್ಟು ಬಿದ್ದಾಗ ಅದೇ ಪರೀಕ್ಷೆ ಮತ್ತೆ ಮಾಡಿಸುತ್ತಾರೆ. ಅಂಕ ಇಳಿದಿದ್ದರೆ ಆಟ ಬಂದ್.

ಕೋವಿಡ್ ಕಾಲ, ಎಲ್ಲರಿಗೂ ಮಾಸ್ಕ್, ಒಂದು ರೂಮಿಗೆ ಒಬ್ಬನೇ ಆಟಗಾರ. ಸಂಕೇತ್ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದ. ಆರಡಿ ಐದಿಂಚು, ಮುನ್ನೂರ ಹತ್ತು ಪೌಂಡ್. ಮಾಸ್ಕ್ ಮೇಲೆ ಕಾಣುತ್ತಿದ್ದುದು ಎರಡು ಕಣ್ಣು, ಹುಬ್ಬಿನ ಹತ್ತಿರ ಒಂದು ಹಳೇ ಗಾಯದ ಗುರುತು, ಅಷ್ಟೇ. ಅವನು ಕೂರಲು ಹೊರಟ ಕುರ್ಚಿ ನೋಡಿ ನನಗೆ ಕನಿಕರ ಬಂತು.

"ಈ ಕುರ್ಚಿ ಕಥೆ ಮುಗೀತು," ಅಂತ ನನ್ನಷ್ಟಕ್ಕೆ ಗೊಣಗಿದೆ.

"ಇಲ್ರೀ, ಹಗೂರ ಕುಂದರ್ತೀನಿ," ಅಂದ ಅವನು.

ನನ್ನ ಕೈಯಲ್ಲಿದ್ದ ಪೆನ್ನು ಬಿತ್ತು. ಅಮೆರಿಕದಲ್ಲೇ ಹುಟ್ಟಿದ ಹುಡುಗ, ಮೈಮೇಲೆ ತಂಡದ ಟೀ ಶರ್ಟು, ಬಾಯಲ್ಲಿ ರಾಣೆಬೆನ್ನೂರಿನ ಕನ್ನಡ. ಚಾಟ್ಸ್‌ವರ್ತ್‌ನ ಮನೆಯಲ್ಲಿ ಅವನನ್ನು ಸಾಕಿದ್ದು ಅಜ್ಜಿಯಂತೆ. ಅಪ್ಪ, ಅಮ್ಮ ಇಬ್ಬರೂ ತಮ್ಮ ಸಣ್ಣ ಮೆಷಿನ್ ಶಾಪ್‌ನಲ್ಲಿ ದುಡಿಯುವಾಗ ಅಜ್ಜಿ ಇವನಿಗೆ ಇಂಗ್ಲಿಷ್ ತಾಗದ ಹಾಗೆ ಕಾದುಕೊಂಡಿದ್ದಳಂತೆ. ನಾನು ಸ್ಯಾನ್ ಡಿಯೇಗೋದ ಮೀರಾ ಮೆಸಾದವಳು, ಹೆಸರು ಪ್ರಣತಿ, ನಮ್ಮ ಮನೆಯದು ಬೆಂಗಳೂರು ಕನ್ನಡ ಅಂತ ಹೇಳಿದೆ. "ಹಂಗಾರ ನಿಮ್ದು ಸಪ್ಪನ ಕನ್ನಡ," ಅಂತ ನಕ್ಕ. ಮಾಸ್ಕ್ ಇದ್ದರೂ ನಕ್ಕಿದ್ದು ಗೊತ್ತಾಯಿತು, ಕಣ್ಣಿನ ಪಕ್ಕ ಮೂರು ಗೆರೆ ಬಿದ್ದವು.

ಪರೀಕ್ಷೆ ಶುರುವಾಯಿತು. ಪರದೆ ಮೇಲೆ ಪದಗಳು ಬಂದು ಹೋಗುತ್ತವೆ, ಆಕಾರಗಳು ಬಂದು ಹೋಗುತ್ತವೆ, ಯಾವುದನ್ನು ನೋಡಿದ್ದೆ ಅಂತ ಗುರುತಿಸಬೇಕು. ಅವನು ಪರದೆ ನೋಡುವ, ನನ್ನನ್ನು ನೋಡುವ, ಆಮೇಲೆ ತಪ್ಪು ಗುಂಡಿ ಒತ್ತುವ. ನಾನು ಕಣ್ಣು ತಗ್ಗಿಸಿದೆ. ಮತ್ತೆ ಎತ್ತಿದಾಗಲೂ ಅವನು ಅಲ್ಲೇ ಇದ್ದ. ಪರದೆ ನೋಡಿ ಅಂತ ಗದರಿದೆ.

"ಎರಡೂ ಕಡೆ ನೋಡಾಕ ಆಗಂಗಿಲ್ರೀ. ಒಂದ ಕಡೆ ಅಂದ್ರ ನಾ ಎತ್ತಾಗ ನೋಡ್ತೀನಿ ನಿಮಗ ಗೊತ್ತೈತಿ."

ನನ್ನ ಕಿವಿ ಬಿಸಿಯಾಯಿತು. ಅವತ್ತೇ ನನ್ನ ಮನಸ್ಸು ಹೋಯಿತು, ಸುಳ್ಳು ಯಾಕೆ ಹೇಳಲಿ.

ಅವನ ಅಂಕ ತಂಡದಲ್ಲೇ ಕಡಿಮೆ. ಕಂಪ್ಯೂಟರ್ ಸಂಶಯಪಡುವ ಗೆರೆಗಿಂತ ಕೂದಲೆಳೆಯಷ್ಟು ಮೇಲೆ. ಪರೀಕ್ಷೆಯ ನಡುವೆ ಯಾರಾದರೂ ಮಾತಾಡಿದರೆ, ಗಮನ ತಪ್ಪಿದರೆ, ಹಾಳೆಯಲ್ಲಿ ಅದನ್ನು ಬರೆದು ಇನ್ನೊಂದು ದಿನ ಮತ್ತೆ ಮಾಡಿಸಬೇಕು ಅನ್ನುವುದು ನಿಯಮ. ಆದರೆ ಏನಂತ ಬರೆಯಲಿ? ಕೆಲಸಕ್ಕೆ ಸೇರಿ ಎರಡು ವಾರಕ್ಕೆ ಆಟಗಾರನ ಜೊತೆ ಹರಟುತ್ತಾ ಕೂತಿದ್ದೆ ಅಂತಲಾ? 'ಅಡಚಣೆ ಇರಲಿಲ್ಲ' ಅಂತ ಗುರುತು ಹಾಕಿ ಸಹಿ ಮಾಡಿದೆ. ನಮ್ಮಲ್ಲಿ ಈ ಪರೀಕ್ಷೆ ಒಬ್ಬನಿಗೆ ಒಂದೇ ಸಲ. ಅವನು ಕಾಲೇಜು ಬಿಡುವ ತನಕ ಆ ಹಾಳೆಯೇ ಲೆಕ್ಕ.

ಎರಡು ವಾರದ ಮೇಲೆ ಮೈದಾನದ ಹೊರಗಿನ ಬೆಂಚಿನಲ್ಲಿ ಊಟಕ್ಕೆ ಮಾಸ್ಕ್ ತೆಗೆದಾಗ ಅವನ ಪೂರ್ತಿ ಮುಖ ನೋಡಿದೆ. ಅಷ್ಟು ದೊಡ್ಡ ಮೈಗೆ ಒಪ್ಪದ ಸಣ್ಣ ಗುಳಿ ಎಡಗೆನ್ನೆಯಲ್ಲಿ. ಅವನ ಅಮ್ಮ ಅರುಂಧತಿ ಆಂಟಿ ಕಟ್ಟಿಕೊಟ್ಟ ಎಂಟು ಜೋಳದ ರೊಟ್ಟಿಯಲ್ಲಿ ಒಂದನ್ನು ನನ್ನ ಕಡೆ ಸರಿಸಿದ. ನಾನು ಎರಡು ತಿಂದೆ. ಕೋಚ್ ತನಗೆ ದಿನಕ್ಕೆ ಏಳು ಸಾವಿರ ಕ್ಯಾಲರಿ ಹೇಳಿದ್ದಾನೆ, ಇವತ್ತು ನಿನ್ನಿಂದ ತೂಕ ಇಳಿಯುತ್ತೆ ಅಂತ ದೂರಿದ. ಅವತ್ತಿನಿಂದ 'ರೀ' ಹೋಗಿ 'ನೀ' ಬಂತು.

ಆಟದ ಬಗ್ಗೆ ನನಗೆ ಗೊತ್ತಿದ್ದುದು ಗಾಯಗಳು ಮಾತ್ರ. ಉಳಿದದ್ದನ್ನು ಅವನು ಒಂದು ರಜೆಗೆ ನನ್ನ ಜೊತೆ ಬಂದಾಗ ಮೀರಾ ಮೆಸಾದ ನಮ್ಮ ಮನೆಯ ಊಟದ ಮೇಜಿನ ಮೇಲೆ ಸ್ಟೀಲ್ ಲೋಟಗಳನ್ನು ಜೋಡಿಸಿ ಕಲಿಸಿದ. ಉಪ್ಪಿನಕಾಯಿ ಜಾಡಿ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವವನು. ಅವನು ಬಲಗೈಯವನಾದ್ದರಿಂದ ಎಸೆಯುವಾಗ ಎಡಗಡೆ ಬೆನ್ನಿನಿಂದ ಬರುವವರು ಅವನಿಗೆ ಕಾಣುವುದಿಲ್ಲ. ಆ ಎಡಗಡೆಯಲ್ಲಿ ಗೋಡೆಯಾಗಿ ನಿಲ್ಲುವ ಲೈನ್‌ಮನ್ ಸಂಕೇತ್. ಚೆಂಡು ಅವನ ಕೈಗೆ ಬರುವುದಿಲ್ಲ. ಅವನ ಹೆಸರನ್ನು ಯಾರೂ ಕೂಗುವುದಿಲ್ಲ, ತಪ್ಪು ಮಾಡಿದಾಗ ಬಿಟ್ಟರೆ. ಪ್ರತಿ ಸಲವೂ ಎದುರಿನವನು ಬಂದು ಹೆಲ್ಮೆಟ್‌ಗೆ ಹೆಲ್ಮೆಟ್ ಕುಟ್ಟುತ್ತಾನೆ, ಮ್ಯಾಚಿಗೆ ಅರವತ್ತು, ಎಪ್ಪತ್ತು ಸಲ.

"ಅಲ್ಲಪ್ಪ, ಚೆಂಡೇ ಮುಟ್ಟಲ್ಲ ಅಂದ್ರೆ ಏನು ಮಜಾ ಇದ್ರಲ್ಲಿ?" ಅಂತ ನನ್ನಪ್ಪ ಶ್ರೀರಂಗ ಕೇಳಿದರು. ಅಪ್ಪ ಟೆಲಿಕಾಂ ಇಂಜಿನಿಯರ್, ಎಲ್ಲದಕ್ಕೂ ಉಪಯೋಗ ಕೇಳುವವರು.

ಸಂಕೇತ್ ಉಪ್ಪಿನಕಾಯಿ ಜಾಡಿ ಮುಟ್ಟಿ, ಹಿಂದಿನವನು ನನ್ನನ್ನು ನಂಬಿ ತಿರುಗಿ ನೋಡದೆ ನಿಲ್ಲುತ್ತಾನಲ್ಲ ಅಂಕಲ್, ಅದೇ ಮಜಾ ಅಂದ. ಅಪ್ಪ ಅವನಿಗೆ ಇನ್ನೊಂದು ದೋಸೆ ಹಾಕಲು ಅಮ್ಮನಿಗೆ ಹೇಳಿದರು. ಅಮ್ಮ ಆಗಲೇ ಸೋತಿದ್ದರು. ಇಂಡಿಯನ್ ಅಂಗಡಿಯ ಪಾರ್ಕಿಂಗ್‌ನಿಂದ ನಾಲ್ಕು ಅಕ್ಕಿ ಮೂಟೆಗಳನ್ನು ಒಂದೇ ಸಲಕ್ಕೆ ಹೊತ್ತು ತಂದವನಿಗೆ ಸೋಲದೆ ಇರುವುದು ಹೇಗೆ?

ಅವನ ನೆನಪಿನ ಶಕ್ತಿ ಅಂದರೆ ಅದು ಬೇರೆಯೇ. ಆಟದ ತಂತ್ರಗಳನ್ನೆಲ್ಲ ಬರೆದ ಇನ್ನೂರು ಪುಟದ ಪ್ಲೇಬುಕ್ ಬಾಯಿಪಾಠ. ನನ್ನ ಲ್ಯಾಬ್ ಗೆಳತಿಯ ಹುಟ್ಟುಹಬ್ಬ, ಅಮ್ಮನ ಬಿಪಿ ಮಾತ್ರೆಯ ಹೆಸರು, ನಾನು ಯಾವ ದಿನ ಯಾವ ಓಲೆ ಹಾಕಿದ್ದೆ, ಎಲ್ಲ ಹೇಳುತ್ತಿದ್ದ. ಇಷ್ಟು ನೆನಪಿಟ್ಟುಕೊಳ್ಳುವವನು ಹದಿನೇಳು ತಪ್ಪು ಮಾಡಿದ್ದು ಹೇಗೆ ಅಂತ ನನಗೆ ಒಮ್ಮೆಯೂ ಅನ್ನಿಸಲಿಲ್ಲ. ಉತ್ತರ ನನಗೆ ಗೊತ್ತಿತ್ತಲ್ಲ. ನಾನೇ ಉತ್ತರ.

2022ರ ಸೀಸನ್‌ನಲ್ಲಿ ಅವನು ನಿಂತ ಎಡಗಡೆಯಿಂದ ಒಬ್ಬನೂ ಕ್ವಾರ್ಟರ್‌ಬ್ಯಾಕ್‌ನನ್ನು ಮುಟ್ಟಲಿಲ್ಲ, ಹನ್ನೆರಡು ಮ್ಯಾಚು. ಅವನ ಅಪ್ಪನ ಹೆಸರು ವೀರಭದ್ರಪ್ಪ ಅನ್ನುವುದೇ ಇವನ ಲಾಸ್ಟ್ ನೇಮ್ ಆಗಿದ್ದರಿಂದ ಜರ್ಸಿಯಲ್ಲಿ ಅದು ಒಂದು ಕಂಕುಳಿಂದ ಇನ್ನೊಂದು ಕಂಕುಳಿನ ತನಕ ಬಾಗಿ ಕೂತಿತ್ತು. ಟಿವಿಯವರು ಅದನ್ನು ಹೇಳಲು ಒದ್ದಾಡುವುದನ್ನು ನೋಡಿ ನಾವು ನಗುತ್ತಿದ್ದೆವು. ಕನ್ನಡ ಸಂಘದವರು ಕರೆದು ಶಾಲು ಹೊದಿಸಿ ಮೈಸೂರು ಪೇಟ ತೊಡಿಸಲು ಹೋದರು, ಅದು ಅವನ ತಲೆಗೆ ಇಳಿಯಲೇ ಇಲ್ಲ. ಆಟಗಾರರನ್ನು ಹುಡುಕುವ ಪ್ರೊ ತಂಡಗಳ ಸ್ಕೌಟ್‌ಗಳು ಪ್ರಾಕ್ಟೀಸ್ ನೋಡಲು ಬರತೊಡಗಿದರು. 2024ರ ಏಪ್ರಿಲ್‌ನಲ್ಲಿ, ಆ ತಂಡಗಳು ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, ಎರಡನೇ ಸುತ್ತಿಗೇ ಹೋಗುತ್ತಾನೆ ಅನ್ನುವ ಮಾತಿತ್ತು. ಭಾರತದ ಮನೆಯ ಹುಡುಗ ಆ ಜಾಗದಲ್ಲಿ ನಿಂತದ್ದನ್ನು ನಾವ್ಯಾರೂ ಕಂಡಿರಲಿಲ್ಲ. ಡ್ರಾಫ್ಟ್‌ನ ದಿನ ನನ್ನ ಅಪ್ಪ ಅಮ್ಮನ ಎದುರು ನಿಂತು ಕೇಳಬೇಕಾದ್ದನ್ನು ಕೇಳುತ್ತೇನೆ ಅಂತ ಅವನು ಹೇಳಿಟ್ಟಿದ್ದ. ಪ್ರೀತಿಸುತ್ತೇನೆ ಅನ್ನುವ ಮಾತನ್ನು ಅಲ್ಲಿ ತನಕ ನಾವಿಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ. ಅವಸರ ಇದೆ ಅಂತ ಯಾರಿಗೆ ಗೊತ್ತಿತ್ತು?

2023ರ ಅಕ್ಟೋಬರ್‌ನಲ್ಲಿ ಸ್ಯಾನ್ ಡಿಯೇಗೋದಲ್ಲೇ ಮ್ಯಾಚು. ಅಪ್ಪ ಅಮ್ಮ ಸ್ಟ್ಯಾಂಡ್‌ನಲ್ಲಿ, ನಾನು ಗೆರೆಯ ಪಕ್ಕ ನೀರಿನ ಬಾಟಲಿ ಹಿಡಿದು. ಮೂರನೇ ಕ್ವಾರ್ಟರ್‌ನಲ್ಲಿ ಅವನಿಗೆ ಒಂದು ಡಿಕ್ಕಿ ಆಯಿತು, ಟಿವಿಯವರು ಮತ್ತೆ ತೋರಿಸುವಂಥದ್ದೂ ಅಲ್ಲ. ಎದ್ದ, ಕೈ ಕೊಡವಿದ, ನಡೆದುಕೊಂಡು ಹೋಗಿ ಬಲಗಡೆ ನಿಂತ. ಮೂರು ವರ್ಷದಿಂದ ಎಡಗಡೆ ನಿಂತವನು. ಪಕ್ಕದವನು ಭುಜ ಹಿಡಿದು ಈ ಕಡೆಗೆ ಎಳೆದ.

ಮರುದಿನ ಅವನಿಗೆ ಪರೀಕ್ಷೆ ಮಾಡಿಸಿದರು. ಹದಿನೇಳು ತಪ್ಪು. ಬೇಸ್‌ಲೈನ್ ಹಾಳೆಯಲ್ಲೂ ಹದಿನೇಳು. ಏನೂ ಇಳಿದಿಲ್ಲ, ಆಡಬಹುದು ಅಂತ ಡಾಕ್ಟರ್ ಸಹಿ ಹಾಕಿದರು. ವಾರದ ಕೊನೆಗೆ ಎರಡು ಹಾಳೆಗಳನ್ನೂ ಫೈಲಿಗೆ ಸೇರಿಸಲು ನನ್ನ ಕೈಗೇ ಕೊಟ್ಟರು. ಪಕ್ಕಪಕ್ಕ ಇಟ್ಟು ನೋಡಿದೆ. ಆ ವಾರವಿಡೀ ಅವನು ಬೆಳಕು ತಡೆಯದೆ ಮನೆಯೊಳಗೂ ಕಪ್ಪು ಕನ್ನಡಕ ಹಾಕಿಕೊಂಡಿದ್ದ. ಹೈವೇಯಲ್ಲಿ ಐವತ್ತು ಸಲ ಹಿಡಿದ ಮೀರಾ ಮೆಸಾ ಎಕ್ಸಿಟ್ ಬಿಟ್ಟು ಮುಂದೆ ಹೋಗಿದ್ದ. ಇವತ್ತಿನ ಈ ತಲೆಗೆ ಹದಿನೇಳು ತಪ್ಪು ಸರಿ. ಹಾಗಾದರೆ ಅವತ್ತಿನ ಆ ಚುರುಕು ತಲೆಗೆ ಹದಿನೇಳು ಬಂದಿದ್ದು ಹೇಗೆ? ಎರಡು ವರ್ಷದ ಮೇಲೆ ನನಗೆ ಬೆಳಕಾಯಿತು, ಎಂಥ ಜಾಣೆ ನಾನು.

ಭಾನುವಾರ ಮಧ್ಯಾಹ್ನ ಅಮ್ಮ ನಮ್ಮಿಬ್ಬರನ್ನೂ ಕರಿಬೇವು ತರಲು ಕಳಿಸಿದ್ದರು. ಅಂಗಡಿಯ ಮುಂದೆ ಕಾರಿನಲ್ಲೇ ಕೂತು ಕೇಳಿದೆ. ಅವನು ಮುಚ್ಚಿಡಲಿಲ್ಲ. ಎಲ್ಲರೂ ಮಾಡ್ತಾರೆ, ಸೀನಿಯರ್‌ಗಳೇ ಹೇಳಿಕೊಡುತ್ತಾರೆ, ಎಷ್ಟು ತಪ್ಪು ಮಾಡಿದರೆ ಕಂಪ್ಯೂಟರ್ ಹಿಡಿಯೋದಿಲ್ಲ ಅಂತ ಅವರಿಗೆ ಗೊತ್ತಿರುತ್ತದೆ ಅಂದ. ಮುಂದೆ ಪೆಟ್ಟು ಬಿದ್ದರೂ ಆಟ ಬಿಡಿಸಿ ಕೂರಿಸಬಾರದು ಅಂತ ಈಗಲೇ ದಡ್ಡನಾಗಿ ತೋರಿಸಿಕೊಳ್ಳುವುದು.

"ಮತ್ತೆ ನನ್ನ ನೋಡ್ತಾ ಇದ್ದಿದ್ದು?"

ಅವನು ಸ್ಟಿಯರಿಂಗ್ ನೋಡಿದ. "ಅವತ್ತು ನೆವ ಆಗಿತ್ತು. ಆಮ್ಯಾಲ ಖರೇ ಆತು."

ಕೋಪ ಬರಬೇಕಿತ್ತು. ಅಳು ಬಂತು. ಅವನು ನನ್ನ ಕೈಯನ್ನು ತನ್ನ ಎರಡು ಕೈಗಳ ನಡುವೆ ಇಟ್ಟುಕೊಂಡ, ಅದು ಕಾಣದ ಹಾಗೆ ಮುಚ್ಚಿಹೋಯಿತು. ಇನ್ನು ನಾಲ್ಕು ಮ್ಯಾಚು, ಆಮೇಲೆ ಐದು ತಿಂಗಳು ರೆಸ್ಟು, ಅಷ್ಟರಲ್ಲಿ ಸರಿಹೋಗುತ್ತದೆ, ಯಾರಿಗೂ ಹೇಳಬೇಡ ಅಂದ. ಮಾತು ಕೊಟ್ಟೆ. ಹೇಳಿದರೆ ನನ್ನ ಸಹಿಯೂ ಹೊರಗೆ ಬರುತ್ತದೆ ಅನ್ನುವ ಯೋಚನೆಯೂ ಆಗ ಬಂದಿತ್ತು, ಅದನ್ನೂ ಹೇಳಿಬಿಡುತ್ತೇನೆ.

ನಾಲ್ಕರಲ್ಲಿ ಮೊದಲ ಮ್ಯಾಚು ಮುಗಿಯಿತು. ಅರವತ್ತೆಂಟು ಡಿಕ್ಕಿ, ನಾನು ಎಣಿಸಿದೆ. ಮರುದಿನ ಬೆಳಿಗ್ಗೆ ಅವನ ಅಪಾರ್ಟ್‌ಮೆಂಟ್‌ನ ಅಡುಗೆಮನೆಯಲ್ಲಿ ಜುಣಕ ಮಾಡುತ್ತಾ ಅವನು ರಾಣೆಬೆನ್ನೂರಿಗೆ ವಿಡಿಯೋ ಕಾಲ್ ಮಾಡಿದ್ದ. ಊರಿಗೆ ವಾಪಸ್ ಹೋಗಿದ್ದ ಅಜ್ಜಿಯನ್ನು ಪ್ರತಿ ಭಾನುವಾರ ಏನಾದರೂ ನೆಪ ಮಾಡಿ ಮಾತಾಡಿಸುವುದು ಅವನ ರೂಢಿ. ಹಿಟ್ಟು ಕಲಸಿದ್ದೀನಿ, ಇನ್ನು ಎಷ್ಟು ಹಾಕಲಿ ಅಂತ ಕೇಳಲು ಹೊರಟು ನಿಂತುಬಿಟ್ಟ.

"ಅಜ್ಜಿ, ಅದು... ಬೆಳ್ಳಗ ಇರ್ತದಲ್ಲ. ಸಾರಿಗೆ ಹಾಕ್ತಾರಲ್ಲ." ಡಬ್ಬಿ ಕೈಯಲ್ಲೇ ಇತ್ತು. "ಸಾಲ್ಟ್."

"ಉಪ್ಪು ಅನ್ನೂದೂ ಮರತಿ? ಪಕ್ಕಾ ಅಮೆರಿಕಾದವ ಆದಿ ಬಿಡು," ಅಂತ ಅಜ್ಜಿ ನಕ್ಕಳು. ಅವನೂ ನಕ್ಕ. ಅವಳು ಹತ್ತು ವರ್ಷ ಕಾದು ಕಲಿಸಿದ್ದ ಮಾತು ಒಂದೊಂದೇ ಹೋಗುತ್ತಿತ್ತು, ಅದು ನನಗೊಬ್ಬಳಿಗೇ ಗೊತ್ತಿತ್ತು. ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ತಂಡದ ಡಾಕ್ಟರ್ ಬಾಗಿಲಲ್ಲಿ ನಿಂತೆ. ಬೇಸ್‌ಲೈನ್ ಸುಳ್ಳು, ಅಡಚಣೆ ಇರಲಿಲ್ಲ ಅಂತ ನಾನು ಹಾಕಿದ ಸಹಿಯೂ ಸುಳ್ಳು ಅಂತ ಹೇಳಿದೆ.

ಒಂಬತ್ತು ಗಂಟೆಗೆ ಅವನ ಲಾಕರ್ ಖಾಲಿ ಮಾಡಿಸಿದರು. ಆ ವಾರವೇ ನರತಜ್ಞರು ನೋಡಿ, ಇನ್ನು ಈ ಜನ್ಮದಲ್ಲಿ ಹೆಲ್ಮೆಟ್ ಹಾಕಬಾರದು ಅಂದರು. ಸ್ಕೌಟ್‌ಗಳ ಪಟ್ಟಿಗಳಿಂದ ಅವನ ಹೆಸರು ಒಂದೇ ದಿನದಲ್ಲಿ ಇಳಿಯಿತು. ನನ್ನನ್ನೂ ಟ್ರೇನಿಂಗ್ ರೂಮಿನಿಂದ ತೆಗೆದರು, ಟ್ರೇನರ್ ಸರ್ಟಿಫಿಕೇಟು ಒಂದು ವರ್ಷ ಮುಂದಕ್ಕೆ ಹೋಯಿತು. ಅದು ಲೆಕ್ಕಕ್ಕೇ ಬರಲಿಲ್ಲ.

ಹೇಳಿದವರು ಯಾರು ಅಂತ ಅವನಿಗೆ ಯಾರೂ ತಿಳಿಸಿರಲಿಲ್ಲ. ನಾನೇ ಚಾಟ್ಸ್‌ವರ್ತ್‌ಗೆ ಡ್ರೈವ್ ಮಾಡಿದೆ. ಅವನು ಅಪ್ಪನ ಮೆಷಿನ್ ಶಾಪ್‌ನಲ್ಲಿ, ಬೆಳಕು ಕಡಿಮೆ ಇರುವ ಮೂಲೆಯಲ್ಲಿ ಸ್ಟೂಲ್ ಮೇಲೆ ಕೂತಿದ್ದ. ವೀರಭದ್ರಪ್ಪ ಅಂಕಲ್ ನನ್ನ ಮುಖ ನೋಡಿ ಲೇತ್ ನಿಲ್ಲಿಸಿದರು, ಕೈ ಒರೆಸಿಕೊಂಡು ಹೊರಗೆ ಹೋದರು.

"ನಾನೇ ಹೇಳಿದ್ದು," ಅಂದೆ. "ಐ ಲವ್ ಯೂ ಸಂಕೇತ್. ಅದನ್ನ ಇವತ್ತು ಹೇಳಬಾರದು, ಗೊತ್ತು. ಇನ್ಯಾವಾಗ ಹೇಳ್ಲಿ ನಾನು?"

ಬೈದಿದ್ದರೆ ನನಗೆ ಬದುಕು ಸುಲಭವಾಗುತ್ತಿತ್ತು. ಅವನು ಬೈಯಲಿಲ್ಲ.

"ನೀ ಮಾಡಿದ್ದು ಬರೋಬರಿ ಐತಿ. ನಿನ್ನ ಜಾಗಾದಾಗ ನಾ ಇದ್ರೂ ಹಂಗ ಮಾಡ್ತಿದ್ದೆ." ಪದ ಹುಡುಕಿ ಹುಡುಕಿ ಆಡಿದ. "ಆದ್ರ ಎಲ್ಲಾ ಕಡೆ ನೋಡ್ಕೋತಿದ್ದೆ ನಾ. ನಿನ್ನ ನಂಬಿ ನೀ ಇದ್ದ ಕಡೆ ತಿರುಗಿ ನೋಡಿರಲಿಲ್ಲ. ಇನ್ನ ನೋಡಬೇಕಾಗ್ತದ, ದಿನಾ. ಅದು ಆಗಂಗಿಲ್ಲ ಪ್ರಣತಿ. ನೀ ಹೋಗು."

ಹೋದೆ. ಅಂಕಲ್ ಹೊರಗೆ ಕಾಂಪೌಂಡ್ ಗೋಡೆಗೆ ಮುಖ ಮಾಡಿ ನಿಂತಿದ್ದರು.

ಒಂದೂವರೆ ವರ್ಷದ ಮೇಲೆ, ಹೋದ ಸಲದ ಯುಗಾದಿಗೆ, ಅಮ್ಮನ ಒತ್ತಾಯಕ್ಕೆ ಕ್ಯಾಲಬಾಸಸ್‌ನ ದೇವಸ್ಥಾನಕ್ಕೆ ಹೋಗಿದ್ದೆ. ನಾನೀಗ ಮೀರಾ ಮೆಸಾದ ಒಂದು ಫಿಸಿಯೋಥೆರಪಿ ಕ್ಲಿನಿಕ್‌ನಲ್ಲಿದ್ದೇನೆ. ಪ್ರಸಾದದ ಸಾಲಿನಲ್ಲಿ ಅರುಂಧತಿ ಆಂಟಿ ಸಿಕ್ಕರು. ನನ್ನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡರು. ಸಂಕೇತ್‌ನ ತಲೆನೋವು ಹೋಗಿದೆ, ಕಪ್ಪು ಕನ್ನಡಕ ಹೋಗಿದೆ, ಡಾಕ್ಟರ್ ಎಲ್ಲ ಪರೀಕ್ಷೆ ಮಾಡಿ ನೆನಪು ಪೂರ್ತಿ ಬಂದಿದೆ ಅಂದಿದ್ದಾರೆ, ನಿನ್ನಿಂದ ನನ್ನ ಮಗ ಉಳಿದ ಅಂದರು. ಆಮೇಲೆ ದನಿ ತಗ್ಗಿಸಿ, ಪಾರ್ಕಿಂಗ್‌ನಲ್ಲಿ ಇದ್ದಾನೆ, ನಿನ್ನ ಹೆಸರು ಬಂದರೆ ಊಟ ಬಿಟ್ಟು ಎದ್ದು ಹೋಗುತ್ತಾನೆ, ಆದರೂ ನೀನು ಬೇಕಾದರೆ ಹೋಗಿ ಮಾತಾಡವ್ವ ಅಂದರು.

ಅವನು ಕಾರಿಗೆ ಒರಗಿ ನಿಂತಿದ್ದ. ತೂಕ ಇಳಿದಿತ್ತು, ಕುತ್ತಿಗೆ ಸಣ್ಣದಾಗಿತ್ತು, ಬಿಸಿಲಿಗೆ ಕಣ್ಣು ಬಿಟ್ಟು ನೋಡುತ್ತಿದ್ದ. ನಾನು ಬರುವುದನ್ನು ಕಂಡು ನೆಟ್ಟಗೆ ನಿಂತ. ಅಮ್ಮನ ಬಿಪಿ ಹೇಗಿದೆ ಅಂತ ಯಾರಾದರೂ ಕೇಳುತ್ತಾರೆ, ಇವನು ಅಮ್ಮನ ಮಾತ್ರೆ ಬದಲಾಯಿಸಿದರಾ ಅಂತ ಮಾತ್ರೆಯ ಹೆಸರು ಹಿಡಿದು ಕೇಳಿದ. ಎಲ್ಲವೂ ವಾಪಸ್ ಬಂದಿತ್ತು. ನಾನು ನೀಲಿ ಓಲೆ ಹಾಕಿದ್ದ ದಿನಗಳೂ, ಆ ಸೋಮವಾರವೂ.

"ಮೂರು ಸಲ ನಿಮ್ಮ ಮನಿ ಮುಂದ ಬಂದು ಹೋಗೀನಿ," ಅಂದ.

"ಬೆಲ್ ಮಾಡಬಹುದಿತ್ತಲ್ಲ."

"ಮಾಡಿದ್ರ ನೀ ಬಾಗಿಲು ತಗೀತಿದ್ದಿ." ಅವತ್ತು ಮೊದಲ ಸಲ ನನ್ನ ಕಣ್ಣು ನೋಡಿ ಕೇಳಿದ. "ತಿರುಗಿ ಅದ ಸೋಮವಾರ ಬಂದ್ರ ಏನ ಮಾಡ್ತಿ?"

ಒಂದು ಸುಳ್ಳು ಸಾಕಿತ್ತು. ಡಾಕ್ಟರ್‌ಗೆ ಹೇಳುವುದಿಲ್ಲ ಅಂದಿದ್ದರೆ, ಗೊತ್ತಿಲ್ಲ ಅಂದಿದ್ದರೂ, ಅವನು ಒಂದು ಹೆಜ್ಜೆ ಮುಂದೆ ಬರುತ್ತಿದ್ದ. ಅವನ ಕೈ ಕಾರಿನಿಂದ ಆಗಲೇ ಸ್ವಲ್ಪ ಮೇಲೆದ್ದಿತ್ತು, ನಾನು ಕಂಡೆ. ಇಷ್ಟು ದಿನ ನಾನು ಬೇಡಿಕೊಂಡಿದ್ದು ಆ ಒಂದು ಹೆಜ್ಜೆಯನ್ನೇ.

"ಹೇಳ್ತೀನಿ," ಅಂದೆ.

ಅವನು ತಲೆಯಾಡಿಸಿದ. ಅಮ್ಮ ಕಾಯ್ತಿರ್ತಾಳ ಅಂದು ದೇವಸ್ಥಾನದ ಮೆಟ್ಟಿಲ ಕಡೆ ನಡೆದ. ನಾನು ಅಲ್ಲೇ ನಿಂತು ಅವನು ಒಂದು ಮೆಟ್ಟಿಲನ್ನೂ ತಪ್ಪದೆ ಹತ್ತಿ ಹೋಗುವುದನ್ನು ನೋಡಿದೆ.